ಚೀಲದ ತಳದಲ್ಲಿ ಹನ್ನೊಂದು

ಮೊಬೈಲ್ ರಿಪೇರಿ ಅಂಗಡಿಯ ಅಕ್ಕನಿಗೆ ಕೈಚಳಕ ಎಷ್ಟಿತ್ತೋ ಉದಾಸೀನವೂ ಅಷ್ಟೇ ಇತ್ತು. ಕೂದಲೆಳೆಯಂಥ ತಂತಿ ಬೆಸೆಯುವಾಗ ಉಸಿರು ಬಿಗಿಹಿಡಿದು ಕೂರುತ್ತಿದ್ದವಳು, ಕೆಲಸ ಮುಗಿದ ಮೇಲೆ ಉಳಿದದ್ದನ್ನೆಲ್ಲ ಒಂದೇ ಚೀಲಕ್ಕೆ ತುರುಕುತ್ತಿದ್ದಳು. ಒಡೆದ ಗಾಜು, ರಟ್ಟು, ಟೀ ಕುಡಿದ ಲೋಟ, ಹೊಟ್ಟೆ ಊದಿಸಿಕೊಂಡ ಬ್ಯಾಟರಿ, ಎಲ್ಲಕ್ಕೂ ಒಂದೇ ಗತಿ.

ಕಸದ ಲಾರಿಯ ಮೀಸೆ ಅಣ್ಣ ಎರಡು ಸಲ ಹೇಳಿದ್ದ. "ಬ್ಯಾಟರಿ ಬೇರೆ ಇಡಮ್ಮ. ತುದಿಗೆ ಟೇಪು ಸುತ್ತಿ ಒಣ ಮರಳಿನ ಡಬ್ಬಕ್ಕೆ ಹಾಕು. ತಿಂಗಳಿಗೊಮ್ಮೆ ಬೇರೆ ಗಾಡಿ ಬರುತ್ತೆ, ಅದಕ್ಕೆ ಕೊಡು. ನಮ್ಮ ಲಾರಿ ಕಸಾನ ಒತ್ತುತ್ತೆ. ಸಿಡಿದ್ರೆ ಹಿಂದೆ ನಿಂತಿರೋನು ನಾನು."

"ಹೋಗಣ್ಣ, ಆ ಮೀಸೆ ನೋಡಿದ್ರೆ ಬೆಂಕೀನೇ ಹೆದರುತ್ತೆ," ಎಂದು ನಕ್ಕು, ಅವಳು ಈ ಕಿವಿಯಲ್ಲಿ ಕೇಳಿದ್ದನ್ನು ಆ ಕಿವಿಯಲ್ಲಿ ಬಿಟ್ಟಿದ್ದಳು.

ಆ ಮಂಗಳವಾರ ಡ್ರಾಯರ್ ತುಂಬಿ ಮುಚ್ಚಲಾಗದಂತಾಗಿತ್ತು. ಹನ್ನೊಂದು ಬ್ಯಾಟರಿಗಳನ್ನು ಹಳೇ ಪೇಪರಿನಲ್ಲಿ ಸುತ್ತಿ, ಯಾರ ಕಣ್ಣಿಗೂ ಬೀಳದ ಹಾಗೆ ಚೀಲದ ತಳಕ್ಕಿಟ್ಟು, ಮೇಲೆ ರಟ್ಟು ಹೇರಿದಳು. ಲಾರಿ ಬೀದಿಯ ತಿರುವು ದಾಟಿರಲಿಲ್ಲ, ಢಮ್ಮೆಂದಿತು. ಅವಳು ಓಡಿಹೋಗುವಷ್ಟರಲ್ಲಿ ಹಿಂಬದಿಯಿಂದ ಬಿಳಿ ಹೊಗೆ ನುಗ್ಗುತ್ತಿತ್ತು. ಮೀಸೆ ಅಣ್ಣ ರಸ್ತೆಯ ಮೇಲೆ ಕೂತು, ಮುಖ ಮುಟ್ಟಿಕೊಳ್ಳಲು ಕೈ ಎತ್ತುವುದು, ಮುಟ್ಟಲಾಗದೆ ಇಳಿಸುವುದು, ಮತ್ತೆ ಎತ್ತುವುದು ಮಾಡುತ್ತಿದ್ದ.

"ತುಟಿ ಪಿಟಕ್ ಅನ್ಬೇಡ," ಎಂದ ಗಂಡ. "ಈ ಬೀದೀಲಿ ಇಂಥ ಅಂಗಡಿ ನಾಲ್ಕಿವೆ. ಯಾರ ಚೀಲ ಅಂತ ಯಾರಿಗೆ ಗೊತ್ತು?"

"ನನಗೆ ಗೊತ್ತಲ್ಲ."

ನಾಲ್ಕನೇ ದಿನ ಆಸ್ಪತ್ರೆಗೆ ಹೋದಳು. ಅವನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಹೆಂಡತಿ ಪಕ್ಕದ ಸ್ಟೂಲಿನ ಮೇಲಿದ್ದಳು. ಬಂದವಳ ದನಿ ಗುರುತು ಹಿಡಿದು ಅವನೇ ಸಮಾಧಾನ ಹೇಳಿದ: "ಯಾರೋ ಪಾಪ, ಗೊತ್ತಿಲ್ಲದೆ ಹಾಕಿರ್ತಾರೆ ಬಿಡಮ್ಮ."

"ಗೊತ್ತಿದ್ದೇ ಹಾಕಿದ್ದಣ್ಣ. ನಾನೇ."

ಅವನು ಕೇಳಿದ, "ಎಷ್ಟಿದ್ವು?"

"ಹನ್ನೊಂದು."

ಅವನು ಗೋಡೆಯ ಕಡೆ ಹೊರಳಿದ. ಹೆಂಡತಿ ಎದ್ದು ಬಾಗಿಲು ತೋರಿಸಿದಳು.

ಅಕ್ಕ ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ತಪ್ಪೊಪ್ಪಿಕೊಂಡು ಬರೆದುಕೊಟ್ಟಳು. ಅಂಗಡಿಗೆ ಎರಡು ತಿಂಗಳು ಬೀಗ ಬಿತ್ತು, ಗಂಡ ಮಾತು ಬಿಟ್ಟ. ಮೀಸೆ ಅಣ್ಣನ ಒಂದು ಕಣ್ಣು ಹೋಯಿತು. ಇನ್ನೊಂದರಲ್ಲಿ ಬರೀ ನೆರಳು. ಲಾರಿಯ ಕೆಲಸ ಅವನ ಹೆಂಡತಿಗೆ ಸಿಕ್ಕಿತು.

ಈಗ ಅಕ್ಕ ಎಲ್ಲವನ್ನೂ ವಿಂಗಡಿಸಿಯೇ ಇಡುತ್ತಾಳೆ. ಆದರೆ ಮೀಸೆ ಅಣ್ಣನ ಹೆಂಡತಿ ನಂಬುವುದಿಲ್ಲ. ದಿನಾ ಬೆಳಿಗ್ಗೆ ಚೀಲವನ್ನು ಅಂಗಡಿಯ ಮುಂದೆಯೇ ಸುರಿದು, ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಮತ್ತೆ ತುಂಬುತ್ತಾಳೆ. ತಲೆ ಎತ್ತುವುದಿಲ್ಲ. ಬೀದಿಯವರು ನಿಂತು ನೋಡುತ್ತಾರೆ. ಅದು ಮುಗಿಯುವವರೆಗೂ ಅಕ್ಕ ಒಳಗೆ ಹೋಗುವುದಿಲ್ಲ, ಮೆಟ್ಟಿಲ ಮೇಲೆ ನಿಂತೇ ಇರುತ್ತಾಳೆ.