ಬೊಡ್ಡೆಯಿಲ್ಲದ ದಿಮ್ಮಿ

ಮಕ್ಕಳ ಕೈಹಿಡಿದು ಆಟದ ರೈಲು ತೋರಿಸುವ ನೀವು, ಅದು ಹೊತ್ತ ಮರ ನಿಂತಿದ್ದ ಜಾಗವನ್ನು ಒಮ್ಮೆಯಾದರೂ ತೋರಿಸಿದ್ದೀರಾ?

ಯಲ್ಲಾಪುರದ ಜೀನತ್ ತೋರಿಸಲು ಹೊರಟಿದ್ದಳು. ಇಡಗುಂದಿ ಕಡೆಯ ಒಂದು ಪ್ರವಾಸಿ ವಸತಿಗೃಹದ ಊಟದ ಹಜಾರಕ್ಕೆ, ಕಾಡಿನಿಂದ ಮರ ಸಾಗಿಸುವ ರೈಲಿನ ಮಾದರಿ ಬೇಕೆಂದು ಅದರ ಒಡೆಯ ರಘುಪತಿ ಹೇಳಿದ್ದ. ಶಾಲೆಗಳ ವಸ್ತುಪ್ರದರ್ಶನಕ್ಕೆ ಅಣೆಕಟ್ಟು, ಜ್ವಾಲಾಮುಖಿಗಳನ್ನು ಮಾಡಿಕೊಟ್ಟು ಸವೆದ ಕೈ ಅವಳದು. ಬಹುಮಾನ ಪಡೆದವರೆಲ್ಲ ಬೇರೆಯವರು. ಈ ಮಾದರಿಗೆ ಮಾತ್ರ ಅವಳ ಹೆಸರಿನ ಹಿತ್ತಾಳೆ ಫಲಕ ಹಾಕುವುದೆಂದು ಮಾತಾಗಿತ್ತು. ಅದೊಂದೇ ಆಸೆಯಿಂದ ಮಳೆಗಾಲವಿಡೀ ಸೊಂಟ ಬಗ್ಗಿಸಿ ದುಡಿದಳು.

ಥರ್ಮೋಕೋಲ್ ಕೊರೆದು ಗುಡ್ಡ ಮಾಡಿದಳು. ಸೋಸಿದ ಚಹಾಪುಡಿಯನ್ನು ಒಣಗಿಸಿ ಮಣ್ಣು, ಬಣ್ಣ ಹಾಕಿದ ಮರದ ಹೊಟ್ಟಿನಿಂದ ಹುಲ್ಲು, ಹೀರೆಯ ನಾರಿನಿಂದ ಮರಗಳ ತಲೆ. ಐಸ್‌ಕ್ರೀಮ್ ಕಡ್ಡಿಗಳಲ್ಲಿ ಸೇತುವೆಯೂ ಕೂಲಿಗಳ ಗುಡಿಸಲುಗಳೂ ಎದ್ದವು. ರೈಲಿನ ಬಂಡಿಗಳ ಮೇಲೆ ಬೆರಳುದ್ದದ ದಿಮ್ಮಿಗಳನ್ನು ಹೇರಿ, ಒಂದೊಂದಕ್ಕೂ ಗುಡ್ಡದಲ್ಲೊಂದು ಕಡಿದ ಮರದ ಬೊಡ್ಡೆ ನೆಟ್ಟಳು. ಮರದ ನಾಟಾ ಸಾಗಿಸುವ ಲಾರಿ ಓಡಿಸುತ್ತಿದ್ದ ಅಬ್ಬಾ ಹೇಳಿಕೊಟ್ಟ ಕ್ರಮ ಅದು: ಅರಣ್ಯ ಇಲಾಖೆಯವರ ಸುತ್ತಿಗೆಯ ಮುದ್ರೆ ದಿಮ್ಮಿಯ ಮೇಲೂ ಬೀಳಬೇಕು, ಕಾಡಿನಲ್ಲುಳಿದ ಬೊಡ್ಡೆಯ ಮೇಲೂ ಬೀಳಬೇಕು. ಸೂಜಿಮೊನೆಯಿಂದ ಅವಳು ಎರಡಕ್ಕೂ ಮುದ್ರೆ ಒತ್ತಿದ್ದಳು.

ಹಜಾರದಲ್ಲಿ ಎಲ್ಲ ಜೋಡಿಸಿ, ಫಲಕ ಕೂರಿಸಿದ ದಿನ ರಘುಪತಿ ಬಂದು ನೋಡಿ ಮುಖ ಸಿಂಡರಿಸಿದ.

“ಇದೆಂತ ಜೀನತಕ್ಕ, ಸ್ಮಶಾನ ಮಾಡಿಟ್ಟಿದ್ದೀರಿ. ಬಂದವ್ರಿಗೆ ಊಟ ಇಳೀಬೇಕಲ್ಲ. ಬೊಡ್ಡೆ ಎಲ್ಲ ಕಿತ್ಹಾಕಿ, ನಾಲ್ಕು ಜಿಂಕೆ ನಿಲ್ಸಿ.”

“ಬೊಡ್ಡೆ ಇಲ್ದಿರೋ ದಿಮ್ಮಿ ಕಳ್ಳಮಾಲು, ರಘುಪತಿಯವ್ರೆ.”

“ಆಟದ ರೈಲು ಹಿಡಿಯೋಕೆ ಯಾವ ಫಾರೆಸ್ಟರ್ ಬರ್ತಾನೆ ಮಾರಾಯ್ರೆ?”

ನಕ್ಕು, ಬೊಡ್ಡೆಗಳು ಹೋದರೆ ಫಲಕ ಉಳಿಯುತ್ತದೆ, ಇಲ್ಲವಾದರೆ ಅದೂ ಇಲ್ಲ ಎಂದ. ಜೀನತ್‌ಗೆ ವಾದಿಸುವ ತ್ರಾಣ ಉಳಿದಿರಲಿಲ್ಲ. ಸುಳ್ಳನ್ನೇ ಚೆಂದವೆನ್ನುವವರ ಎದುರು ದಣಿಯದವರು ಯಾರು? ಅವನ ಕಣ್ಣೆದುರೇ ಬೊಡ್ಡೆಗಳನ್ನು ಒಂದೊಂದಾಗಿ ಕಿತ್ತಳು. ಅವನ ಮುಖ ಅರಳಿತು. ಆದರೆ ಅವಳು ಅಲ್ಲಿಗೆ ನಿಲ್ಲಲಿಲ್ಲ. ಬಂಡಿಗಳಿಂದ ದಿಮ್ಮಿಗಳನ್ನೂ ಇಳಿಸಿದಳು. ತಿರುಪು ಬಿಚ್ಚಿ ತನ್ನ ಹೆಸರನ್ನೂ ತೆಗೆದಳು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಯಲ್ಲಾಪುರದ ಬಸ್ಸು ಹತ್ತಿ, ಕಿಟಕಿಗೆ ತಲೆಯಾನಿಸಿದಳು.

ಈಗ ಆ ಹಜಾರದಲ್ಲಿ ರಘುಪತಿ ತಂದು ನಿಲ್ಲಿಸಿದ ಜಿಂಕೆಗಳ ನಡುವೆ ಖಾಲಿ ರೈಲು ಸುತ್ತುತ್ತಿದೆ. ನೀವು ಅಲ್ಲಿಗೆ ಹೋದರೆ ಬರಿದೆ ಫೋಟೋ ತೆಗೆದುಕೊಂಡು ಬರಬೇಡಿ. ಈ ಬಂಡಿಗಳು ಏನನ್ನು ಹೊರಬೇಕಿತ್ತು, ಇದನ್ನು ಕಟ್ಟಿದವರು ಯಾರು ಎಂದು ಒಡೆಯನನ್ನು ನಿಮ್ಮ ಮಕ್ಕಳ ಮುಂದೆಯೇ ಕೇಳಿ.