ಪಿನ್ ಹಾಕಿಟ್ಟ ಮಾತು

ಸಾಸಲು ಊರಿನ ಹೆಂಗಸರೆಲ್ಲ ಅವನನ್ನು ದೇವೇಂದ್ರಣ್ಣ ಅಂತಲೇ ಕರೆಯುತ್ತಿದ್ದರು. ಶಾಮಲಾಳ ಬಾಯಲ್ಲಿ ಮಾತ್ರ ಆ ‘ಅಣ್ಣ’ ಬರುತ್ತಿರಲಿಲ್ಲ. ‘ಬಂದ್ರಾ?’ ಅನ್ನುವಳು, ‘ಹೊರಟ್ರಾ?’ ಅನ್ನುವಳು, ಅಷ್ಟೇ. ಯಾರಾದರೂ ಕಿವಿಗೊಟ್ಟಿದ್ದರೆ ಗುಟ್ಟು ಅವತ್ತೇ ರಟ್ಟಾಗುತ್ತಿತ್ತು. ಪುಣ್ಯಕ್ಕೆ ನಮ್ಮ ಜನಕ್ಕೆ ಬೇಡದ್ದೇ ಜಾಸ್ತಿ ಕೇಳಿಸೋದು.

ದೇವೇಂದ್ರ ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಿಂದ ಸೀರೆ ತರುತ್ತಿದ್ದವನು. ಮೊಪೆಡ್ಡಿನ ಮುಂದೊಂದು ಚೀಲ, ಹಿಂದೊಂದು ಚೀಲ. ವಯಸ್ಸು ನಲವತ್ತರ ಹತ್ತಿರ ಬಂದರೂ ಹೆಣ್ಣು ಸಿಕ್ಕಿರಲಿಲ್ಲ. ಸೆರಗಿಗೆ ಕುಚ್ಚು ಕಟ್ಟುವುದು ಸಾಸಲಿನ ಹೆಂಗಸರ ಕೆಲಸ. ಅದನ್ನು ಮನೆಮನೆಗೆ ಹಂಚಿ, ಮುಗಿಸಿ ವಾಪಸ್ ಕೊಡುವ ಜವಾಬ್ದಾರಿ ಶಾಮಲಾಳದು. ಬೆಳಿಗ್ಗೆ ಅವನು ವಾಟ್ಸಾಪಿನಲ್ಲಿ ಬರೆದು ಕಳಿಸುವನು: ಯಾವ ಬಣ್ಣ, ಮಣಿ ಕುಚ್ಚೋ ಬರೀ ದಾರವೋ, ಯಾವತ್ತಿಗೆ ಬೇಕು. ಇವಳು ಅದನ್ನು ಕಾಪಿ ಮಾಡಿ ಹೆಂಗಸರ ಗ್ರೂಪಿಗೆ ಪೇಸ್ಟ್ ಮಾಡುವಳು. ಫಾರ್ವರ್ಡ್ ಮಾಡಿದ್ದರೆ ಸುಲಭವಿತ್ತು. ಆದರೆ ಅವನ ಮೆಸೇಜಿನ ಕೊನೆಯಲ್ಲಿ ‘ತಿಂಡಿ ಆಯ್ತಾ?’ ಅಂತ ಒಂದು ಸಾಲು ಇರುತ್ತಿತ್ತಲ್ಲ, ಅದನ್ನು ಊರಿಗೆಲ್ಲ ಹಂಚುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಪೇಸ್ಟ್ ಮಾಡಿ, ಆ ಸಾಲೊಂದನ್ನು ಅಳಿಸಿ, ಉಳಿದದ್ದನ್ನು ಕಳಿಸುವಳು.

ಶಾಮಲಾಳ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಇವಳು, ಅತ್ತೆ ಪಾಪಕ್ಕ, ಇಬ್ಬರೇ. ಮದುವೆ ಸೀರೆಗೆ ಕುಚ್ಚಿನ ಮೊದಲ ಗಂಟನ್ನು ಮುತ್ತೈದೆಯೇ ಹಾಕಬೇಕು ಅಂತ ಆ ಹೆಂಗಸರಲ್ಲಿ ರೂಢಿ. ಹಾಗಾಗಿ ಶಾಮಲಾ ಪಕ್ಕದ ಮನೆ ಲಕ್ಕಮ್ಮನ ಮುಂದೆ ಸೆರಗು ಹಿಡಿಯುವಳು, ಲಕ್ಕಮ್ಮ ಗಂಟು ಹಾಕಿದ ಮೇಲೆ ತಾನು ಮುಂದುವರಿಸುವಳು. ಒಂದು ಮಧ್ಯಾಹ್ನ ಲಕ್ಕಮ್ಮ ಹೊಲಕ್ಕೆ ಹೋಗಿದ್ದಳು. ಅರ್ಜೆಂಟು ಸೀರೆ. ಜಗಲಿಯ ಮೇಲೆ ಕಾದು ಕಾದು ಸಾಕಾಗಿ ದೇವೇಂದ್ರ, “ನೀವೇ ಹಾಕ್ರೀ. ನಿಮ್ ಕೈಗೇನಾಗಿದೆ?” ಅಂದುಬಿಟ್ಟ. ಹಾಕಿದಳು. ಅವತ್ತಿನಿಂದ ಅವಳ ಮನಸ್ಸು ಅವಳ ಮಾತು ಕೇಳಲಿಲ್ಲ.

ಫೋನಿನ ವಿದ್ಯೆ ಹೇಳಿಕೊಟ್ಟವಳು ಲಕ್ಕಮ್ಮನ ಮಗಳು, ಕಾಲೇಜು ಓದುವ ಹರ್ಷಿತ. “ಕಾಪಿ ಮಾಡಿದ್ದೆಲ್ಲ ಈ ಕೀಬೋರ್ಡಿನ ಕ್ಲಿಪ್‌ಬೋರ್ಡಲ್ಲಿ ಕೂತಿರುತ್ತೆ ಅಕ್ಕ. ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ಹೋಗುತ್ತೆ. ಪಿನ್ ಹಾಕಿದ್ರೆ ಮಾತ್ರ ನೀನು ಅಳಿಸೋವರ್ಗೂ ಇರುತ್ತೆ. ಪಾಸ್‌ವರ್ಡು, ಒಟಿಪಿ, ಇನ್ನೊಬ್ರು ನೋಡ್ಬಾರ್ದಂಥದ್ದು ಯಾವ್ದನ್ನೂ ಅಲ್ಲಿ ಇಡ್ಬೇಡ. ಪೇಸ್ಟ್ ಮಾಡಿದ್ಮೇಲೆ ಒಂದ್ಸಲ ಓದಿ ಆಮೇಲೆ ಕಳ್ಸು.” ಶಾಮಲಾ ಎಲ್ಲಕ್ಕೂ ಹೂಂಗುಟ್ಟಿದಳು. ಆಮೇಲೆ ಇಟ್ಟಿದ್ದು ಅಂಥದ್ದನ್ನೇ!

ಬರೆದದ್ದು ಇಷ್ಟು: ‘ನಿಮ್ಮ ಗಾಡಿ ಸದ್ದು ಕೇಳಿದ್ರೆ ಕೈಲಿರೋ ದಾರ ಗೋಜಲಾಗುತ್ತೆ. ನೀವು ಹೋದ್ಮೇಲೆ ಜಗಲಿ ಕಡೆ ನೋಡಕ್ಕಾಗಲ್ಲ. ಇನ್ನೂ ಬದುಕ್ಬೇಕು ಅಂತ ಆಸೆ ಆಗ್ತಿದೆ.’ ಕಳಿಸಲು ಧೈರ್ಯವಿಲ್ಲ, ಅಳಿಸಲು ಮನಸ್ಸಿಲ್ಲ. ಪಿನ್ ಹಾಕಿಟ್ಟಳು. ದಿನಾ ಅವನ ಹೆಸರು ತೆಗೆದು ಅಲ್ಲಿ ಪೇಸ್ಟ್ ಮಾಡುವುದು, ಓದುವುದು, ಅಳಿಸುವುದು. ದೇವರಿಗೆ ದೀಪ ಹಚ್ಚಿದಷ್ಟೇ ತಪ್ಪದ ನೇಮ. ಹೆಬ್ಬೆರಳಿಗೆ ಆ ದಾರಿ ಎಷ್ಟು ಪಳಗಿತ್ತು ಅಂದರೆ ಕಣ್ಣು ಮುಚ್ಚಿದರೂ ಅಲ್ಲಿಗೇ ಹೋಗುತ್ತಿತ್ತು.

ಆ ಶನಿವಾರ ಅವನ ಮೆಸೇಜು ಬಂತು. ಬಣ್ಣ, ಮಣಿ, ದಾರ. ಕೊನೆಯಲ್ಲಿ ತಿಂಡಿಯ ಮಾತಿರಲಿಲ್ಲ. ‘ಇವತ್ತೇ ನಾನು ಬರೋದು ಕಡೆ. ಹೊಸಕೋಟೆ ಹತ್ರ ಗೋಡೌನಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ರೂಮು. ಸೋಮವಾರದಿಂದ ಬೇರೆಯವ್ರು ಬರ್ತಾರೆ’ ಅಂತಿತ್ತು.

ಶಾಮಲಾಳ ಕಣ್ಣು ತುಂಬಿ ಬಂತು. ಆ ಮಂಜಿನಲ್ಲೇ ಕಾಪಿ ಮಾಡಿದಳು, ಗ್ರೂಪು ತೆಗೆದಳು, ಹೆಬ್ಬೆರಳು ತನ್ನ ಪಳಗಿದ ದಾರಿ ಹಿಡಿಯಿತು. ಓದಲಿಲ್ಲ. ಕಳಿಸಿದಳು.

ಗ್ರೂಪಿನಲ್ಲಿ ಮೊದಲು ಬರೆದವಳು ಲಕ್ಕಮ್ಮ. ‘ಯಾರ್ ಗಾಡಿ ಕಣೇ?’

ಶಾಮಲಾ ತಾನು ಕಳಿಸಿದ್ದನ್ನು ಆಗ ಓದಿದಳು: ಪಿನ್ ಹಾಕಿಟ್ಟ ಮಾತು! ಅಯ್ಯೋ, ಅಳಿಸಬೇಕು, ಅಳಿಸಬೇಕು ಅಂತ ಗಾಬರಿಯಲ್ಲಿ ಒತ್ತಿದಳು. ಒತ್ತಿದ್ದು ‘ನನಗೆ ಮಾತ್ರ ಅಳಿಸಿ’. ಅವಳ ಫೋನಿನಿಂದ ಮಾತು ಹೋಯಿತು, ಊರಿನ ಫೋನುಗಳಲ್ಲೆಲ್ಲ ಹಾಗೇ ಉಳಿಯಿತು. ಇನ್ನು ಅದನ್ನು ಹಿಡಿದು ಅಳಿಸುವುದಕ್ಕೂ ಅವಳ ಕೈಯಲ್ಲಿ ಏನೂ ಇರಲಿಲ್ಲ.

‘ಹಾಲಿನ್ ಗಾಡಿ ಇರ್ಬೇಕು’ ಅಂದಳು ಅಶ್ವತ್ಥಮ್ಮ, ನಗುವ ಮುಖ ಹಾಕಿ. ‘ಹಾಲಿನ್ ಗಾಡಿಗೆ ದಾರ ಯಾಕೆ ಗೋಜಲಾಗುತ್ತೆ? ಮಗ್ಗದ್ ಗಾಡಿ ಕಣ್ರೇ!’ ಅಂದಳು ಇನ್ನೊಬ್ಬಳು.

ಹರ್ಷಿತ ಓಡಿ ಬಂದಳು. “ಅಕ್ಕ, ಬಡ್ಕೊಂಡೆ ನಾನು, ಓದಿ ಕಳ್ಸು ಅಂತ...” ಅಷ್ಟರಲ್ಲಿ ಒಳಗಿನಿಂದ ಪಾಪಕ್ಕ ಬಂದಳು. “ಏನೇ ಅದು ಗಲಾಟೆ? ಓದೇ, ನಾನೂ ಕೇಳ್ತೀನಿ.” ಹರ್ಷಿತ ಶಾಮಲಾಳ ಮುಖ ನೋಡಿದಳು, ಬೇರೆ ದಾರಿ ಕಾಣದೆ ಓದಿದಳು. ಪಾಪಕ್ಕ ಪೂರ್ತಿ ಕೇಳಿದಳು. ಮೊರ ಹಿಡಿದು ಹಿತ್ತಲಿಗೆ ನಡೆದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಾಮಲಾ ಕ್ಲಿಪ್‌ಬೋರ್ಡ್ ತೆಗೆದು, ಪಿನ್ ಬಿಡಿಸಿ, ಆ ಮಾತನ್ನು ಅಳಿಸಿಹಾಕಿದಳು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹೇಳಬೇಕಾದವನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿ ಆಗಿತ್ತು. ಅವನಿಗೆ ಹೇಳಲು ಈಗ ಫೋನಿನಲ್ಲೂ ಏನಿಲ್ಲ, ಗಂಟಲಲ್ಲೂ ಏನಿಲ್ಲ.

ಮಧ್ಯಾಹ್ನ ಅವನು ಬಂದ. ಅವತ್ತು ಊರಿನ ಹೆಂಗಸರಿಗೆಲ್ಲ ಆ ಬೀದಿಯಲ್ಲೇ ಕೆಲಸ. ಒಬ್ಬಳಿಗೆ ಸೂಜಿ ಬೇಕಿತ್ತು, ಇನ್ನೊಬ್ಬಳಿಗೆ ಹೆಪ್ಪಿಗೆ ಮೊಸರು. ದೇವೇಂದ್ರನಿಗೆ ಏನೂ ಗೊತ್ತಿಲ್ಲ ಪಾಪ. ಚೀಲ ಇಳಿಸಿದ, ಕುಚ್ಚು ಕಟ್ಟಿ ಮುಗಿದ ಸೀರೆಗಳನ್ನು ಎಣಿಸಿಕೊಂಡ, ಬೇಕೆಂದೇ ಇನ್ನೊಂದು ಸಲ ಎಣಿಸಿದ. “ಬರ್ತೀನಿ” ಅಂದ. ಶಾಮಲಾ ತಲೆಯಾಡಿಸಿದಳು.

ಅವನು ಗಾಡಿ ಸ್ಟಾರ್ಟ್ ಮಾಡಿದ. ಹೊರಟೇಬಿಟ್ಟ ಅನ್ನುವಾಗ ಹಿತ್ತಲಿನಿಂದ ಪಾಪಕ್ಕ ಬಂದು ಹೊಸಿಲ ಮೇಲೆ ನಿಂತಳು.

“ನಿಲ್ಲಪ್ಪಾ. ನನ್ ಮಗಳು ನಿಂಗೇನೋ ಹೇಳ್ಬೇಕಂತೆ. ಊರಿಗೆಲ್ಲ ಹೇಳಿದ್ಲು, ನಿಂಗೆ ಹೇಳಕ್ಕೆ ಅವ್ಳಿಗೆ ನಾಚ್ಕೆ.”

ಅತ್ತೆ ಯಾವತ್ತೂ ಅವಳನ್ನು ಮಗಳು ಅಂದವಳಲ್ಲ. ಶಾಮಲಾ ತಿರುಗಿ ನೋಡಿದಳು. ಪಾಪಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, “ಹೇಳೇ! ನಾನು ಸತ್ಮೇಲೆ ನಿಂಗ್ಯಾರಿದಾರೆ?” ಅಂತ ಗದರಿದಳು.

ಬೀದಿಯಲ್ಲಿದ್ದ ಹೆಂಗಸರೆಲ್ಲ ಜಗಲಿಯ ಹತ್ತಿರಕ್ಕೆ ಸರಿದರು.

“ಹೋಗ್ಬೇಡಿ, ದೇವೇಂದ್ರ” ಅಂದಳು ಶಾಮಲಾ.

ಅವನು ಗಾಡಿ ಆಫ್ ಮಾಡಿ, ಇಳಿದು, ಸ್ಟ್ಯಾಂಡ್ ಹಾಕಿದ.