ಏಟಿಗೆ ಕಾರಣ ಕೇಳುವ ಅಮೆಮಿಯಾ

ಅಮೆಮಿಯಾ ಅವರು ಬೀದಿಯಲ್ಲಿ ನೆಟ್ಟಗೆ ನಡೆದದ್ದನ್ನು ಶಿಮಿಜು ಬಂದರಿನ ಕಡೆಯ ನಮ್ಮಲ್ಲಿ ಯಾರೂ ಕಂಡವರಿಲ್ಲ. ನಾಲ್ಕು ಹೆಜ್ಜೆ ಹಾಕುವುದು, ತುಕ್ಕು ಹಿಡಿದ ಕಂಬವೋ ಗೀರುಬಿದ್ದ ಲಾರಿಯೋ ಕಣ್ಣಿಗೆ ಬಿದ್ದೊಡನೆ ಗಕ್ಕನೆ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂತು ಮೂಗು ತಾಗುವಷ್ಟು ಹತ್ತಿರದಿಂದ ಅದನ್ನು ನಿರುಕಿಸುವುದು: ಇದು ಅವರ ನಡಿಗೆಯ ಲಕ್ಷಣ. ಒಮ್ಮೆ ಯಾರದೋ ಹೊಸ ಕಾರಿನ ತಗ್ಗನ್ನು ಹೀಗೆ ಸವರುತ್ತಿದ್ದಾಗ ಒಡತಿ ಬಂದು, "ಏನ್ರೀ ಅದು, ಗುದ್ದಿದ್ದು ನೀವೇನಾ?" ಎಂದು ಗದರಿದಳು. ಇವರು ಎದ್ದು, ಸೊಂಟ ಬಗ್ಗಿಸಿ ವಂದಿಸಿ, "ಅಲ್ಲಮ್ಮಾ. ಆದ್ರೆ ಎಷ್ಟು ಚೆನ್ನಾಗಿ ಗುದ್ದಿದ್ದಾರೆ!" ಎಂದರು.

ಬಸ್ ಡಿಪೋದಲ್ಲಿ ಗೀರು ತಗ್ಗುಗಳನ್ನು ಮುಚ್ಚಿ ಬಣ್ಣ ಬಳಿಯುವುದರಲ್ಲೇ ಜೀವಮಾನ ಸವೆಸಿದ ಈ ಮನುಷ್ಯ, ನಿವೃತ್ತಿಯ ಮಾರನೆಯ ದಿನದಿಂದಲೇ ಅಂಗೈಯಗಲದ ಪ್ಲಾಸ್ಟಿಕ್ ಯುದ್ಧಟ್ಯಾಂಕಿನ ಮಾದರಿಗಳ ಮೇಲೆ ಅವೇ ಗೀರು ತಗ್ಗುಗಳನ್ನು ಬಿಡಿಸತೊಡಗಿದರು. ಸ್ಪಂಜಿನ ಚೂರಿನಿಂದ ಒತ್ತಿ ಬಣ್ಣ ಕಿತ್ತುಹೋದಂತೆ ಮಾಡುವರು. ಕಾಯಿಸಿದ ಸೂಜಿಯಿಂದ ಗುಂಡಿನ ತೂತು ಕೊರೆಯುವರು. ಮಳೆನೀರು ಇಳಿದ ಜಾಡಿನಲ್ಲೇ ತುಕ್ಕಿನ ಬಣ್ಣವನ್ನು ಇಳಿಸಿ, ಕೊನೆಗೆ ಮಣ್ಣುಬಣ್ಣದ ಪುಡಿಯನ್ನು ಉಸಿರು ಬಿಗಿಹಿಡಿದು ಉದುರಿಸುವರು. ಅವರ ಹಳೆಯ ಕೋಟಿನ ತೋಳಂಚಿಗೆ ಆ ತುಕ್ಕು ಶಾಶ್ವತವಾಗಿ ಹತ್ತಿಕೊಂಡಿದೆ. ಕಾರಣವಿಲ್ಲದ ಏಟು ಒಂದೂ ಇರಕೂಡದೆಂಬುದು ಅವರ ವ್ರತ. ಇನ್ನೊಂದು ಹಟವೂ ಉಂಟು: ಟ್ಯಾಂಕು ಎಷ್ಟೇ ಜಖಂ ಆಗಿರಲಿ, ಮೇಲಿನ ಮುಚ್ಚಳ ಮಾತ್ರ ತೆರೆದೇ ಇರಬೇಕು. "ಒಳಗಿದ್ದೋರು ಇಳಿದು ಓಡಿದ್ರು," ಎನ್ನುವರು, ತಾವೇ ಕೈಹಿಡಿದು ಇಳಿಸಿದವರಂತೆ.

ಇಂಥವರೂ ಹೋದ ವರ್ಷ ಒಂದು ಕಡೆ ಎಡವಿದರು. ಇಂಥ ಮಾದರಿಗಳನ್ನು ಮಾರುವ ಅಂಗಡಿಯ ವೃದ್ಧ ತಕುಬೊ, ಹೊಸವರ್ಷಕ್ಕೆ ತಮ್ಮ ಮಹಡಿಯ ಮೇಲೆ ನಡೆಸುವ ಪ್ರದರ್ಶನದಲ್ಲಿ ಭೂತಗನ್ನಡಿ ಹಿಡಿದು ಇವರ ಟ್ಯಾಂಕನ್ನು ನೋಡಿ, "ಅಮೆಮಿಯಾ ಅವ್ರೇ, ಈ ಗುಂಡು ನೆಲದೊಳಗಿಂದ ಮೇಲಕ್ಕೆ ಬಂದಿದೆಯಲ್ಲ. ಹಾರಿಸಿದ್ದು ಯಾರು, ಹೆಗ್ಗಣವಾ?" ಎಂದುಬಿಟ್ಟರು. ನೆರೆದವರೆಲ್ಲ ನಕ್ಕರು, ಅಮೆಮಿಯಾ ಕೂಡ ನಕ್ಕರು, ಆದರೆ ಮನೆಗೆ ಬಂದು ಊಟ ಬಿಟ್ಟರು. ಅಂದು ಹೋದ ಮಾನವನ್ನು ಮರಳಿ ಪಡೆಯಲೆಂದೇ ವರ್ಷವಿಡೀ ಒಂದೇ ಟ್ಯಾಂಕಿನ ಮುಂದೆ ಕೂತರು.

ಅದು ಮುಗಿದ ವಾರವೇ ವರ್ಷಾಂತ್ಯದ ಮನೆ ತೊಳೆಯುವ ಗದ್ದಲ. ಹೆಂಡತಿ ಮಿತ್ಸುಯೊ ಸೆರಗಿಲ್ಲದಿದ್ದರೂ ಸೆರಗು ಕಟ್ಟಿದ ಹುರುಪಿನಲ್ಲಿ ಒದ್ದೆಬಟ್ಟೆ ಹಿಡಿದು ಅವರ ಮೇಜಿನವರೆಗೂ ಬಂದು, ಟ್ಯಾಂಕಿನ ತಲೆಯ ಮೇಲೆ ಒಂದು ಸಲ ಎಳೆದೇಬಿಟ್ಟರು.

"ಅಯ್ಯೋ!" ಎಂದು ಗಂಡ ಕೂಗಿದಾಗಲೇ ಕೈ ನಿಂತದ್ದು.

"ಧೂಳು ಹಿಡ್ಕೊಂಡು ಕೂತಿತ್ತು ಪಾಪ, ಅದಕ್ಕೇ ಒರೆಸ್ದೆ ಕಣ್ರೀ. ಬೇಕಿದ್ರೆ ಧೂಳು ತಂದ್ಕೊಡ್ಲಾ? ಮಾಳಿಗೇಲಿ ಬೇಕಾದಷ್ಟಿದೆ."

ಅಮೆಮಿಯಾ ಬಗ್ಗಿ ನೋಡಿದರು. ತೆರೆದ ಮುಚ್ಚಳದ ಪಕ್ಕದಲ್ಲೇ ಬೆರಳಗಲದ ಪಟ್ಟೆಯೊಂದು ಫಳಫಳ ಹೊಳೆಯುತ್ತಿತ್ತು. ಸರಿಪಡಿಸಲು ಕುಂಚ ಎತ್ತಿದರು. ಬಹಳ ಹೊತ್ತು ಹಿಡಿದುಕೊಂಡಿದ್ದು, ಕೆಳಗಿಟ್ಟು, ಆರಿದ ಚಹಾ ಕುಡಿದರು.

ಪ್ರದರ್ಶನದ ದಿನ ತಕುಬೊ ಭೂತಗನ್ನಡಿಯನ್ನು ಟ್ಯಾಂಕಿನ ಸುತ್ತ ಆಡಿಸಿ, ಆ ಪಟ್ಟೆಯ ಮೇಲೆ ನಿಲ್ಲಿಸಿದರು. "ಏಟೆಲ್ಲಾ ಸರಿಯಾಗಿದೆ ಕಣ್ರೀ ಈ ಸಲ. ಆದ್ರೆ ಯುದ್ಧದ ಮಧ್ಯೆ ಒದ್ದೆಬಟ್ಟೆ ಹಿಡಿದು ಬಂದೋರು ಯಾರು?"

ನಗಲು ಎಲ್ಲರೂ ಸಿದ್ಧರಾಗಿದ್ದರು. ಹಿಂದೆ ನಿಂತಿದ್ದ ಮಿತ್ಸುಯೊ ತಲೆ ತಗ್ಗಿಸಿದರು.

"ಯುದ್ಧ ಮುಗೀತು, ತಕುಬೊ ಅವ್ರೇ," ಎಂದರು ಅಮೆಮಿಯಾ. "ಒಳಗಿದ್ದೋರು ಮನೆ ಮುಟ್ಟಿದ್ರು. ಇದು ಮನೆಯವಳು ಒರೆಸಿದ್ದು."

ತಕುಬೊ ಭೂತಗನ್ನಡಿಯನ್ನು ಜೇಬಿಗಿಳಿಸಿ, ಬಂದವರಿಗೆಂದು ಇಟ್ಟಿದ್ದ ಹಣ್ಣಿನ ಬುಟ್ಟಿಯಿಂದ ಎಲ್ಲಕ್ಕಿಂತ ದೊಡ್ಡ ಕಿತ್ತಳೆಯನ್ನು ಆರಿಸಿ ಮಿತ್ಸುಯೊ ಕೈಗೆ ಕೊಟ್ಟರು.

ಯುದ್ಧದ ಏಟುಗಳನ್ನು ಇಷ್ಟು ಶ್ರದ್ಧೆಯಿಂದ ಚಿತ್ರಿಸುವವರಿಗೆ ಯುದ್ಧದ ಮೇಲೆಯೇ ಮೋಹವೆಂದು ಭಾವಿಸುವವರುಂಟು. ಅಂಥವರು ಅಮೆಮಿಯಾ ಅವರ ಮೇಜಿನ ಬಳಿ ಒಂದು ಮಧ್ಯಾಹ್ನ ಕೂರಬೇಕು. ಗಾಯವನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡುವ ಈ ಜನಕ್ಕೆ, ಆ ತಗಡಿನ ಹಿಂದೆ ಒಬ್ಬ ಮನುಷ್ಯ ಕೂತಿದ್ದನೆಂಬುದನ್ನು ಮರೆಯಲು ಬರುವುದೇ ಇಲ್ಲ. ಆದ್ದರಿಂದಲೇ ಅವರು ಎಂದೆಂದಿಗೂ ಮುಚ್ಚಳವನ್ನು ತೆರೆದಿಡುತ್ತಾರೆ.